ಸುರುಳಿ ಪೂಚಿಯ ಹಂತವನ್ನು ಶೇಂಗಾ ಹೊಲದಲ್ಲೇ ಗುರುತಿಸುವ ಬಗೆ

ಮುಂಗಾರಿನ ಶೇಂಗಾ ಹುಟ್ಟಿ ತಿಂಗಳಾಗುವ ಹೊತ್ತಿಗೆ ಮಳೆ ಎರಡು ವಾರ ಹಿಂದೆ ಸರಿಯಿತೆಂದರೆ ಚಳ್ಳಕೆರೆ, ಮೊಳಕಾಲ್ಮೂರು, ಪಾವಗಡದ ಕಡೆಯ ಹೊಲಗಳಲ್ಲಿ ಒಂದು ಬಗೆಯ ಕಂದು ಬಣ್ಣ ಕಾಣಿಸಿಕೊಳ್ಳುತ್ತದೆ. ಮೊದಲು ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಕಾಣುವ ಆ ಬಣ್ಣ ಹಬ್ಬುತ್ತ ಹೋದರೆ, ಬದುವಿನ ಮೇಲೆ ನಿಂತು ನೋಡುವವರಿಗೆ ಇಡೀ ಹೊಲ ಬೆಂಕಿಯ ಝಳಕ್ಕೆ ಸಿಕ್ಕಿ ಬಾಡಿದಂತೆ ತೋರುತ್ತದೆ. ರೈತರು ಇದನ್ನು ಸುರುಳಿ ಪೂಚಿ ಎನ್ನುತ್ತಾರೆ. ಕೃಷಿ ಪುಸ್ತಕಗಳು ಎಲೆ ಸುರಂಗ ಹುಳು ಎನ್ನುತ್ತವೆ. ವಿಜ್ಞಾನಿಗಳು ಅಪ್ರೋಯರೀಮಾ ಮೋಡಿಸೆಲ್ಲಾ ಎಂಬ ಹೆಸರಿನಿಂದ ಗುರುತಿಸುತ್ತಾರೆ. ಹಳೆಯ ಸಂಶೋಧನಾ ಬರಹಗಳಲ್ಲಿ ಇದೇ ಕೀಟವನ್ನು ಸ್ಟೊಮಾಪ್ಟೆರಿಕ್ಸ್ ಎಂದು ಕರೆದಿರುವುದರಿಂದ, ಹೆಚ್ಚಿನ ಓದಿಗೆ ಹೊರಡುವವರು ಆ ಹೆಸರನ್ನೂ ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ರೈತರ ಹೆಸರೂ ಪುಸ್ತಕದ ಹೆಸರೂ ಎರಡೂ ಸರಿಯೇ. ಈ ಕೀಟದ ಕೀಡೆ, ಅಂದರೆ ಮುಂದೆ ಪತಂಗವಾಗುವ ಮರಿಹುಳು, ತನ್ನ ಬಾಳಿನ ಮೊದಲ ಭಾಗವನ್ನು ಎಲೆಯ ಒಳಗೆ ಸುರಂಗ ಕೊರೆದು ಕಳೆಯುತ್ತದೆ, ಎರಡನೆಯ ಭಾಗವನ್ನು ಎಲೆಗಳನ್ನು ನೂಲಿನಿಂದ ಹೆಣೆದು ಮಾಡಿಕೊಂಡ ಸುರುಳಿಯೊಳಗೆ ಕಳೆಯುತ್ತದೆ. ಹೊಲದಲ್ಲಿ ಈಗ ಇರುವುದು ಸುರಂಗದ ಹಂತವೋ, ಸುರುಳಿಯ ಹಂತವೋ, ಅಥವಾ ಎರಡೂ ಮುಗಿದು, ಹುಳು ಪತಂಗವಾಗುವ ಮುನ್ನ ತಿನ್ನದೆ ಮಲಗುವ ಕೋಶದ ಹಂತವೋ ಎಂಬುದನ್ನು ತಿಳಿಯದೆ ಔಷಧದ ಡಬ್ಬಿಗೆ ಕೈಹಾಕುವುದರಿಂದಲೇ ನಮ್ಮಲ್ಲಿ ಹೆಚ್ಚಿನ ಹಣ ವ್ಯರ್ಥವಾಗುತ್ತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಂತವನ್ನು ಗುರುತಿಸಲು ಬೇಕಾಗುವುದು ಹತ್ತು ರೂಪಾಯಿಯ ಒಂದು ನೋಟ್‌ಬುಕ್, ಸಾಧ್ಯವಾದರೆ ಒಂದು ಭೂತಕನ್ನಡಿ, ವಾರಕ್ಕೊಮ್ಮೆ ಬೆಳಗಿನ ಒಂದು ಗಂಟೆ, ಇಷ್ಟೇ.

ನಾಲ್ಕು ಹಂತಗಳು, ಅವುಗಳ ಗುರುತು

ಮೊಟ್ಟೆಯಿಂದ ಆರಂಭಿಸೋಣ. ಹೆಣ್ಣು ಪತಂಗ ಮೊಟ್ಟೆಗಳನ್ನು ಗುಂಪಾಗಿ ಇಡುವುದಿಲ್ಲ. ಒಂದೊಂದನ್ನೇ ಬಿಡಿಬಿಡಿಯಾಗಿ, ಹೆಚ್ಚಾಗಿ ಎಲೆಯ ಕೆಳಮೈಯಲ್ಲಿ, ಅಂಟಿಸಿ ಹೋಗುತ್ತದೆ. ಹೊಳೆಯುವ ಬಿಳಿ ಬಣ್ಣದ ಈ ಮೊಟ್ಟೆ ಒಂದು ಮಿಲಿಮೀಟರಿಗಿಂತಲೂ ಚಿಕ್ಕದಾಗಿರುವುದರಿಂದ ಬರಿಗಣ್ಣಿಗೆ ಸಿಗುವುದು ಕಷ್ಟ, ಸಿಗಲಿಲ್ಲವೆಂದು ಬೇಸರಪಡಬೇಕಾಗಿಯೂ ಇಲ್ಲ. ಒಂದು ಹೆಣ್ಣು ಸುಮಾರು 150ರಿಂದ 200 ಮೊಟ್ಟೆ ಇಡಬಲ್ಲದು ಎಂಬುದನ್ನೂ, ಮುಂಗಾರಿನ ಬೆಚ್ಚಗಿನ ದಿನಗಳಲ್ಲಿ ಅವು 3-4 ದಿನಗಳಲ್ಲೇ ಒಡೆಯುತ್ತವೆ ಎಂಬುದನ್ನೂ ತಿಳಿದಿದ್ದರೆ ಸಾಕು.

ಮೊಟ್ಟೆಯಿಂದ ಹೊರಬಂದ ಕೀಡೆ ಎಲೆಯ ಮೇಲೆ ಓಡಾಡಿ ಕಾಲ ಕಳೆಯುವುದಿಲ್ಲ. ಬೇಗನೆ ಎಲೆಯನ್ನು ಕೊರೆದು ಮೇಲುಪೊರೆ ಮತ್ತು ಕೆಳಪೊರೆಗಳ ನಡುವೆ ಸೇರಿಕೊಂಡು ಅಲ್ಲಿನ ಹಸಿರು ತಿರುಳನ್ನು ತಿನ್ನತೊಡಗುತ್ತದೆ. ಹೊರಗಿನಿಂದ ನೋಡಿದರೆ ನಡುನರದ ಆಸುಪಾಸಿನಲ್ಲಿ ಸಣ್ಣ, ಆಕಾರವಿಲ್ಲದ ಕಂದು ಮಚ್ಚೆಯೊಂದು ಕಾಣುತ್ತದೆ. ಟೊಮೆಟೊ ಅಥವಾ ಅಲಸಂದೆ ಎಲೆಯ ಮೇಲೆ ಹಾವು ಹರಿದ ಹಾಗೆ ಬಿಳಿ ಗೆರೆ ಎಳೆಯುವ ಸುರಂಗ ನೊಣದ ಗುರುತು ಬೇರೆ. ನಮ್ಮ ಪತಂಗದ ಸುರಂಗ ಗೆರೆಯಾಗಿರದೆ ಗುಳ್ಳೆಯಂತೆ ಉಬ್ಬಿದ ಮಚ್ಚೆಯಾಗಿರುತ್ತದೆ. ಅಂಥ ಎಲೆಯನ್ನು ಕಿತ್ತು ಸೂರ್ಯನ ಬೆಳಕಿಗೆ ಹಿಡಿದು ನೋಡಿ. ಮಚ್ಚೆಯ ಒಳಗೆ ಕಪ್ಪು ತಲೆಯ, ತಿಳಿ ಹಸಿರು ಅಥವಾ ಕಂದು ಮೈಯ ಪುಟ್ಟ ಹುಳು ಅಲುಗುವುದು ಕಾಣುತ್ತದೆ, ಅದರ ಹಿಂದೆ ಬಿಟ್ಟ ಕಪ್ಪು ಹಿಕ್ಕೆಯೂ ಕಾಣುತ್ತದೆ. ಎಲೆ ಚುಕ್ಕೆ ರೋಗವನ್ನು, ಅಂದರೆ ಟಿಕ್ಕಾ ರೋಗವನ್ನು, ಈ ಹುಳುವಿನ ಬಾಧೆಯೆಂದು ತಿಳಿದು ಕೀಟನಾಶಕ ಸಿಂಪಡಿಸಿದವರನ್ನು ನಾನು ಕಂಡಿದ್ದೇನೆ. ಟಿಕ್ಕಾ ಚುಕ್ಕೆ ಬಹುಮಟ್ಟಿಗೆ ದುಂಡಗಿರುತ್ತದೆ, ಮೊದಲ ಹಂತದ ಟಿಕ್ಕಾ ಚುಕ್ಕೆಯ ಸುತ್ತ ಹಳದಿ ಬಳೆಯಿರುತ್ತದೆ, ಬೆಳಕಿಗೆ ಹಿಡಿದರೆ ಒಳಗೆ ಟೊಳ್ಳು ಕಾಣುವುದಿಲ್ಲ. ಬೆಳಕಿಗೆ ಹಿಡಿದು ನೋಡುವ ಈ ಒಂದು ಅಭ್ಯಾಸ ರೋಗವನ್ನೂ ಕೀಟವನ್ನೂ ಬೇರ್ಪಡಿಸಿ ಕೊಡುತ್ತದೆ.

ಸುರಂಗದ ವಾಸ 5-6 ದಿನ ಮಾತ್ರ. ಮೈ ಬೆಳೆದು ಎಲೆಯ ಎರಡು ಪೊರೆಗಳ ನಡುವೆ ಜಾಗ ಸಾಲದೆ ಹೋದಾಗ ಕೀಡೆ ಹೊರಬಂದು, ಒಂದೇ ಎಲೆಯನ್ನು ಮಡಚಿಯೋ ಅಕ್ಕಪಕ್ಕದ ಎರಡು ಮೂರು ಎಲೆಗಳನ್ನು ಸೇರಿಸಿಯೋ ನೂಲಿನಿಂದ ಹೆಣೆದು, ಆ ಮರೆಯಲ್ಲಿ ಕುಳಿತು ಎಲೆಯ ಒಳಮೈಯನ್ನು ಕೆರೆದು ತಿನ್ನುತ್ತದೆ. ಹೊಲ ಸುಟ್ಟಂತೆ ಕಾಣುವುದಕ್ಕೆ ಕಾರಣ ಈ ಹಂತವೇ. ಹಸಿರು ಹೋಗಿ ಒಣಗಿದ ಪೊರೆ ಮಾತ್ರ ಗಿಡದ ಮೇಲೆ ಉಳಿಯುತ್ತದೆ. ಪೂರ್ತಿ ಬೆಳೆದ ಕೀಡೆಯ ಉದ್ದ 6-8 ಮಿಲಿಮೀಟರ್. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬೆನ್ನನ್ನು ಗಮನಿಸಿದರೆ ಕೆಲವದರಲ್ಲಿ ಚರ್ಮದ ಅಡಿಯಿಂದ ನಸುಗೆಂಪು ಕಲೆಯೊಂದು ತೋರುತ್ತದೆ. ಅವು ಗಂಡು, ಕಾಣುವುದು ಅವುಗಳ ವೃಷಣ. ಹೊಲದ ಲೆಕ್ಕಕ್ಕೆ ಈ ಸಂಗತಿಯಿಂದ ಹೆಚ್ಚಿನ ಉಪಯೋಗವಿಲ್ಲವಾದರೂ, ಅಕ್ಕಿಕಾಳಿಗಿಂತ ತೆಳ್ಳಗಿನ ಹುಳುವಿನಲ್ಲಿ ಗಂಡು ಹೆಣ್ಣನ್ನು ಹೀಗೆ ಬರಿಗಣ್ಣಿನಿಂದ ಹೇಳಬಹುದೆಂಬುದು ಮಕ್ಕಳಿಗೆ ತೋರಿಸಲು ಯೋಗ್ಯವಾದ ವಿಷಯ.

ಇಲ್ಲಿ ಶೇಂಗಾ ಗಿಡದ ಸ್ವಭಾವವೊಂದನ್ನು ನೆನಪಿಡಬೇಕು. ಒಂದು ತೊಟ್ಟಿಗೆ ನಾಲ್ಕರಂತೆ ಇರುವ ಅದರ ಎಲೆಗಳು ರಾತ್ರಿ ಜೋಡಿ ಜೋಡಿಯಾಗಿ ಮುಚ್ಚಿಕೊಂಡು ಬೆಳಿಗ್ಗೆ ಬಿಚ್ಚಿಕೊಳ್ಳುತ್ತವೆ. ನೀರಿನ ಕೊರತೆಯಿದ್ದರೆ ನಡುಮಧ್ಯಾಹ್ನವೂ ಮಡಚಿಕೊಳ್ಳುತ್ತವೆ. ಆದ್ದರಿಂದ ಸುರುಳಿ ಹುಡುಕಲು ನಸುಕಿನಲ್ಲೂ ಹೋಗಬಾರದು, ಉರಿಬಿಸಿಲಿನಲ್ಲೂ ಹೋಗಬಾರದು. ಬಿಸಿಲು ಏರಿ ಎಲೆಗಳು ಚೆನ್ನಾಗಿ ಬಿಚ್ಚಿಕೊಂಡ ಮೇಲೆ, ಎಂಟರಿಂದ ಹತ್ತು ಗಂಟೆಯೊಳಗೆ ಹೋದರೆ, ಆಗಲೂ ಬಿಚ್ಚದೆ ಅಂಟಿಕೊಂಡೇ ಇರುವ ಎಲೆಗಳು ತಾವಾಗಿ ಕಣ್ಣಿಗೆ ಬೀಳುತ್ತವೆ.

ಕೀಡೆ ತಾನು ಹೆಣೆದ ಸುರುಳಿಯೊಳಗೇ ಕೋಶವಾಗುತ್ತದೆ. ಕೋಶ ಕಂದು ಬಣ್ಣದ್ದು, ಅಲುಗಾಡದು, ಏನನ್ನೂ ತಿನ್ನದು. ಮಳೆಗಾಲದಲ್ಲಿ ಈ ಹಂತ 3ರಿಂದ 7 ದಿನ ಇರುತ್ತದೆ. ಆಮೇಲೆ ಹೊರಬರುವ ಪತಂಗ ರೆಕ್ಕೆ ಮಡಚಿ ಕುಳಿತರೆ ಸುಮಾರು 6 ಮಿಲಿಮೀಟರ್ ಉದ್ದ. ಬೂದುಗಂದು ಬಣ್ಣ, ಮುಂದಿನ ಎರಡೂ ರೆಕ್ಕೆಗಳ ಹೊರ ಅಂಚಿನಲ್ಲಿ ಒಂದೊಂದು ಬಿಳಿ ಚುಕ್ಕೆ. ಸಂಜೆ ದೀಪ ಹಚ್ಚಿದರೆ ಅದರ ಬಳಿಗೆ ಬರುತ್ತದೆ. ಮೊಟ್ಟೆಯಿಂದ ಪತಂಗದವರೆಗಿನ ಇಡೀ ಸುತ್ತು ಮುಂಗಾರಿನಲ್ಲಿ ಮೂರರಿಂದ ನಾಲ್ಕು ವಾರಗಳಲ್ಲಿ ಮುಗಿಯುತ್ತದೆ. ತಂಪು ಹೆಚ್ಚಿರುವ ಹಂಗಾಮಿನಲ್ಲಿ ಒಂದೂವರೆ ತಿಂಗಳವರೆಗೂ ಎಳೆಯಬಹುದು. ನೂರು ನೂರಹತ್ತು ದಿನ ಹೊಲದಲ್ಲಿ ನಿಲ್ಲುವ ಬೆಳೆಯ ಮೇಲೆ ಹೀಗೆ ಮೂರು ನಾಲ್ಕು ಪೀಳಿಗೆಗಳು ಹಾದುಹೋಗುತ್ತವೆ. ಮೊದಲ ಪೀಳಿಗೆ ಕಣ್ಣಿಗೆ ಬೀಳದಷ್ಟು ಕಡಿಮೆಯಿದ್ದು, ಎರಡನೆಯ ಪೀಳಿಗೆಯಲ್ಲಿ ಅನುಮಾನ ಹುಟ್ಟಿಸಿ, ಮೂರನೆಯದರಲ್ಲಿ ಹೊಲವನ್ನೇ ಆವರಿಸುವುದು ಇದರ ಸಾಮಾನ್ಯ ನಡೆ.

ಎಣಿಕೆ

ಬೆಳೆ ಹುಟ್ಟಿದ ಎರಡು ವಾರದಿಂದಲೇ ಎಣಿಕೆ ಆರಂಭಿಸಬೇಕು. ಬದುವಿನ ಪಕ್ಕದ ಸಾಲುಗಳನ್ನು ಬಿಟ್ಟು ಹೊಲದ ಒಳಗೆ ಓರೆಯಾಗಿ ನಡೆಯುತ್ತ, ಐದು ಕಡೆ ನಿಂತು, ಒಂದೊಂದು ಕಡೆ ನಾಲ್ಕು ಗಿಡದಂತೆ 20 ಗಿಡಗಳನ್ನು ನೋಡಿ. ಬಾಧೆ ಕಾಣುವ ಗಿಡವನ್ನೇ ಹುಡುಕಿಕೊಂಡು ಹೋಗಬಾರದು. ಕಾಲು ನಿಂತಲ್ಲಿ ಸಿಕ್ಕ ಗಿಡವನ್ನೇ ತೆಗೆದುಕೊಳ್ಳಬೇಕು. ಪ್ರತಿ ಗಿಡದಲ್ಲೂ ಮಚ್ಚೆಯಿರುವ ಎಲೆಯನ್ನು ಬೆಳಕಿಗೆ ಹಿಡಿಯಬೇಕು, ಅಂಟಿದ ಎಲೆಯನ್ನು ಉಗುರಿನಿಂದ ಬಿಡಿಸಬೇಕು. ನೋಟ್‌ಬುಕ್ಕಿನಲ್ಲಿ ನಾಲ್ಕು ಮನೆ ಹಾಕಿಕೊಳ್ಳಿ: ಸುರಂಗದಲ್ಲಿ ಜೀವಂತ ಕೀಡೆ, ಸುರುಳಿಯಲ್ಲಿ ಜೀವಂತ ಕೀಡೆ, ಕೋಶ, ಖಾಲಿ ಅಥವಾ ಸತ್ತದ್ದು. ಈ ನಾಲ್ಕನೆಯ ಮನೆಯನ್ನು ತುಂಬದೆ ಬಿಡುವವರೇ ಹೆಚ್ಚು. ಒಣಗಿದ ಎಲೆಗಳನ್ನು ಎಣಿಸಿ ಗಾಬರಿಪಡುವುದು ಸುಲಭ, ಆದರೆ ಆ ಎಲೆಗಳನ್ನು ತಿಂದ ಹುಳು ಆಗಲೇ ಪತಂಗವಾಗಿ ಹಾರಿಹೋಗಿರಬಹುದು ಅಥವಾ ಸತ್ತಿರಬಹುದು. ಹೋದ ಎಲೆಗೆ ಔಷಧವಿಲ್ಲ.

ಹೈದರಾಬಾದಿನ ಬಳಿ ಪಟಾಂಚೆರುವಿನಲ್ಲಿರುವ, ಶೇಂಗಾ ಬೆಳೆಯ ಮೇಲೆ ದಶಕಗಳಿಂದ ಕೆಲಸ ಮಾಡಿರುವ ಇಕ್ರಿಸ್ಯಾಟ್ ಸಂಸ್ಥೆ ಸೂಚಿಸಿದ ಮಿತಿಯನ್ನು ನಾವು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಬೆಳೆ ಹುಟ್ಟಿ 30 ದಿನವಾದಾಗ ಗಿಡಕ್ಕೆ 5, 50 ದಿನವಾದಾಗ 10, 75 ದಿನವಾದಾಗ 15 ಜೀವಂತ ಕೀಡೆಗಳು ಸರಾಸರಿ ಸಿಕ್ಕರೆ ಮಾತ್ರ ಔಷಧದ ಖರ್ಚಿಗೆ ಅರ್ಥವಿರುತ್ತದೆ. ದಿನ ಕಳೆದಂತೆ ಮಿತಿ ಏರುವುದಕ್ಕೆ ಕಾರಣ ಸರಳ: ಗಿಡ ದೊಡ್ಡದಾಗಿ ಎಲೆಗಳು ಹೆಚ್ಚಿದಂತೆ ಅಷ್ಟೇ ಹುಳುಗಳಿಂದ ಆಗುವ ನಷ್ಟದ ಪಾಲು ಕಡಿಮೆಯಾಗುತ್ತದೆ. ಇನ್ನೊಂದು ಕಡೆ, ಹೂವಾಡಿ, ಹೂವಿನ ಬುಡದಿಂದ ಹೊರಟ ಮೊನೆ ಮಣ್ಣಿಗೆ ಇಳಿದು ಕಾಯಿ ಕಟ್ಟುವ ದಿನಗಳಲ್ಲಿ ಎಲೆ ಕಳೆದುಕೊಂಡರೆ ಇಳುವರಿಗೆ ನೇರವಾಗಿ ಪೆಟ್ಟು ಬೀಳುತ್ತದೆ, ಅದರಲ್ಲೂ ಮಣ್ಣಿನಲ್ಲಿ ಹಸಿಯಿಲ್ಲದ ವರ್ಷ.

ಎಣಿಕೆಯಿಂದ ಮುಂದಿನ ದಿನಗಳನ್ನು ಲೆಕ್ಕ ಹಾಕುವುದು ಹೀಗೆ. ಆಗಸ್ಟ್ 10ರಂದು ನೋಡಿದಾಗ ನಿಮ್ಮ ನಾಲ್ಕು ಮನೆಗಳಲ್ಲಿ ಕೋಶದ ಮನೆಯೇ ಹೆಚ್ಚು ತುಂಬಿತೆಂದು ಇಟ್ಟುಕೊಳ್ಳೋಣ. ಅಂದು ಔಷಧ ಸಿಂಪಡಿಸುವುದರಿಂದ ಏನೂ ಪ್ರಯೋಜನವಿಲ್ಲ, ಏಕೆಂದರೆ ಕೋಶ ತಿನ್ನುವುದೂ ಇಲ್ಲ, ಸುರುಳಿಯ ಮರೆಯಲ್ಲಿರುವ ಅದಕ್ಕೆ ಔಷಧ ತಾಗುವುದೂ ಇಲ್ಲ. ಮುಂದಿನ ಒಂದು ವಾರದಲ್ಲಿ ಪತಂಗಗಳು ಹೊರಬರುತ್ತವೆ. ಮೊಟ್ಟೆಯಿಡಲು, ಅವು ಒಡೆಯಲು ಇನ್ನೊಂದು ನಾಲ್ಕೈದು ದಿನ. ಹಾಗಾಗಿ ಆಗಸ್ಟ್ 18ರಿಂದ 22ರ ಸುಮಾರಿಗೆ ಹೊಸ, ಸಣ್ಣ ಮಚ್ಚೆಗಳು ಕಾಣಿಸಿಕೊಳ್ಳಬೇಕು. ಮತ್ತೆ ಎಣಿಸಬೇಕಾದದ್ದು ಆಗ. ಮಿತಿ ಮೀರಿದ್ದರೆ ಕ್ರಮ ಕೈಗೊಳ್ಳಬೇಕಾದದ್ದೂ ಆಗಲೇ, ಕೀಡೆ ಎಳೆಯದಾಗಿದ್ದು ಸುರುಳಿ ಕಟ್ಟುವುದಕ್ಕೆ ಮೊದಲು.

ನಮ್ಮ ಮನೆಯ ಹೊಲದಲ್ಲೇ ಒಂದು ವರ್ಷ ಈ ಲೆಕ್ಕ ತಿಳಿಯದೆ ಹತ್ತು ದಿನದ ಅಂತರದಲ್ಲಿ ಎರಡು ಬಾರಿ ಔಷಧ ಹೊಡೆದೆವು. ಮೊದಲ ಸಲ ಬಹುಪಾಲು ಕೋಶಗಳಿದ್ದವು, ಎರಡನೆಯ ಸಲ ಪತಂಗಗಳು ಹಾರಿ ಮೊಟ್ಟೆಯಿಟ್ಟಾಗಿತ್ತು. ಸುರುಳಿಗಳನ್ನು ಬಿಡಿಸಿ ನೋಡಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ. ಆ ಔಷಧ ಕೊಂದದ್ದು ಹುಳುವನ್ನು ತಿನ್ನಲು ಬಂದ ಕಣಜಗಳನ್ನು ಎಂಬುದು ಬಹಳ ಕಾಲದ ಮೇಲೆ ಅರಿವಾಯಿತು.

ಸುರುಳಿಯೊಳಗಿನ ನೆಂಟರು

ಆ ಕಣಜಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಹತ್ತಾರು ಸುರುಳಿಗಳನ್ನು ಬಿಡಿಸಿದರೆ ಕೆಲವದರಲ್ಲಿ ಕೀಡೆ ಬಾಡಿ ಮುದುಡಿಕೊಂಡಿರುತ್ತದೆ, ಅದರ ಪಕ್ಕದಲ್ಲಿ ಬಿಳಿ ರೇಷ್ಮೆಗೂಡಿನಂಥ ಪುಟ್ಟ ಗೂಡೊಂದು ಇರುತ್ತದೆ. ಅದು ಅಪಾಂಟೆಲಿಸ್ ಜಾತಿಯ ಕಣಜದ್ದು. ಇನ್ನು ಕೆಲವದರಲ್ಲಿ ಕೀಡೆಯ ಮೈಗೆ ಹೊರಗಿನಿಂದ ಅಂಟಿಕೊಂಡು ರಸ ಹೀರುವ ಮರಿಗಳ ಸಾಲು ಕಾಣುತ್ತದೆ. ಗೊನಿಯೋಜಸ್ ಎಂಬ ಕಣಜ ತನ್ನ ಸಂಸಾರವನ್ನು ಹೀಗೆ ಸಾಕುತ್ತದೆ. ಇವುಗಳ ಜೊತೆಗೆ ಸ್ಟೆನೊಮೀಸಿಯಸ್, ಸಿಂಪಿಯೆಸಿಸ್ ಮೊದಲಾದ ಪರತಂತ್ರ ಕಣಜಗಳೂ ಇವೆ. ಸೊಳ್ಳೆಗಿಂತ ಚಿಕ್ಕದಾದ ಈ ಜೀವಿಗಳು ನಮ್ಮ ಹೊಲಗಳಲ್ಲಿ ಸಂಬಳವಿಲ್ಲದೆ ಮಾಡುವ ಕೆಲಸವನ್ನು ನಾವು ಗೌರವದಿಂದ ಕಾಣಬೇಕು.

ಅವುಗಳ ಪಾಲು ಎಷ್ಟೆಂದು ನಿಮ್ಮ ಹೊಲದ ಮಟ್ಟಿಗೆ ನೀವೇ ಅಳೆಯಬಹುದು. ಕೀಡೆ ಅಥವಾ ಕೋಶವಿರುವ 20-30 ಸುರುಳಿಗಳನ್ನು ತೊಟ್ಟಿನ ಸಮೇತ ಕಿತ್ತು ತನ್ನಿ. ತೊಟ್ಟಿನ ತುದಿಗೆ ಒದ್ದೆ ಹತ್ತಿ ಸುತ್ತಿ, ಅಗಲ ಬಾಯಿಯ ಗಾಜಿನ ಜಾಡಿಯಲ್ಲಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ, ನೇರ ಬಿಸಿಲು ಬೀಳದ ಕಡೆ ಇರಿಸಿ. ಜಾಡಿಯ ತಳಕ್ಕೆ ಹಳೆಯ ಪತ್ರಿಕೆಯ ಚೂರು ಹಾಸಿದರೆ ಹೆಚ್ಚಿನ ತೇವವನ್ನು ಹೀರುತ್ತದೆ. ತೇವ ಹೆಚ್ಚಾಗಿ ಎಲೆಗೆ ಬೂಸು ಹಿಡಿದರೆ ಒಳಗಿನ ಹುಳುವೂ ಸಾಯುತ್ತದೆ. ಕೀಡೆಗಳಿದ್ದರೆ ಎರಡು ದಿನಕ್ಕೊಮ್ಮೆ ಹೊಸ ಎಲೆ ಸೇರಿಸಿ. ಸುಮಾರು ಹತ್ತು ದಿನಗಳಲ್ಲಿ ಜಾಡಿಯೊಳಗೆ ಬಿಳಿ ಚುಕ್ಕೆಯ ಪತಂಗಗಳೂ, ತೆಳು ಸೊಂಟದ ಕಣಜಗಳೂ ಹೊರಬಂದು ಗಾಜಿನ ಮೇಲೆ ಕೂರುತ್ತವೆ. ಪತಂಗ ಎಷ್ಟು, ಕಣಜದಿಂದ ಸತ್ತ ಕೀಡೆ ಎಷ್ಟು ಎಂದು ಬರೆದುಕೊಳ್ಳಿ. ಅರ್ಧದಷ್ಟು ಕೀಡೆಗಳನ್ನು ಕಣಜಗಳೇ ಮುಗಿಸಿದ್ದರೆ ಸಿಂಪರಣೆಯ ಯೋಚನೆಯನ್ನು ಒಂದು ವಾರ ಮುಂದೂಡುವುದೇ ವಿವೇಕ. ಲೆಕ್ಕ ಮುಗಿದ ಮೇಲೆ ಕಣಜಗಳನ್ನು ಹೊಲದಲ್ಲಿ ಬಿಟ್ಟುಬಿಡಿ, ಪತಂಗಗಳನ್ನು ಬಿಡಬೇಡಿ.

ಮಳೆಯೂ ನಮ್ಮ ಕಡೆಯೇ. ಒಣ ಹವೆ ದೀರ್ಘವಾದಷ್ಟೂ ಈ ಕೀಟ ಹೆಚ್ಚುತ್ತದೆ, ಒಂದು ಒಳ್ಳೆಯ ಬಿರುಮಳೆ ಬಿದ್ದರೆ ತಗ್ಗುತ್ತದೆ. ಮೋಡ ಕಟ್ಟಿರುವ ದಿನ ಆತುರದಿಂದ ಔಷಧ ಹೊಡೆಯುವುದಕ್ಕಿಂತ ಎರಡು ದಿನ ಕಾಯುವುದು ಎಷ್ಟೋ ಸಲ ಸರಿಯಾದ ನಿರ್ಧಾರವಾಗುತ್ತದೆ.

ಅದು ಬದುಕುವ ಗಿಡಗಳು

ಶೇಂಗಾ ಇಲ್ಲದ ತಿಂಗಳುಗಳಲ್ಲಿ ಈ ಪತಂಗ ಎಲ್ಲಿರುತ್ತದೆ ಎಂಬ ಪ್ರಶ್ನೆಗೆ ಉತ್ತರ ಅದರ ಆಶ್ರಯ ಸಸ್ಯಗಳಲ್ಲಿದೆ. ಮುಖ್ಯವಾದವೆಲ್ಲ ದ್ವಿದಳ ಕುಟುಂಬದವು. ಬೆಳೆಗಳಲ್ಲಿ ಶೇಂಗಾ ಮತ್ತು ಸೋಯಾ ಅವರೆ ಇದಕ್ಕೆ ಅತ್ಯಂತ ಪ್ರಿಯ; ತೊಗರಿ, ಹೆಸರು, ಅವರೆ, ಮೇವಿಗೆ ಬೆಳೆಯುವ ಕುದುರೆ ಮೆಂತ್ಯದ ಮೇಲೂ ಬದುಕಬಲ್ಲದು. ಬದುಗಳಲ್ಲಿ, ಬೀಳು ನೆಲದಲ್ಲಿ ತಾನಾಗಿ ಬೆಳೆಯುವ ಬಾವಂಚಿ ಗಿಡ ಇದರ ಹಳೆಯ ನೆಲೆ. ನೀಲಿ ಗಿಡದ ಬಳಗಕ್ಕೆ ಸೇರಿದ, ಮೈಮೇಲೆ ರೋಮವಿರುವ ಇಂಡಿಗೋಫೆರಾ ಕಳೆಯಲ್ಲೂ, ಬೇಲಿಗೆ ಹಬ್ಬುವ ರೈಂಕೋಸಿಯಾ ಎಂಬ ಹಳದಿ ಹೂವಿನ ಸಣ್ಣ ಬಳ್ಳಿಯಲ್ಲೂ ಇದು ಇರುತ್ತದೆ. ಹೀಗಾಗಿ ಎಣಿಕೆಗೆ ಹೋದಾಗ ಬದುವಿನ ಬಾವಂಚಿ ಎಲೆಯನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು. ಬೆಳೆ ಹುಟ್ಟುವ ಮೊದಲೇ ಅಲ್ಲಿ ಸುರಂಗ ಕಂಡರೆ ಆ ವರ್ಷ ಎಚ್ಚರ ಹೆಚ್ಚಿರಬೇಕು. ಆದರೆ ಬದುವಿನ ಹಸಿರನ್ನೆಲ್ಲ ಕಳೆನಾಶಕದಿಂದ ಸುಡುವುದನ್ನು ನಾನು ಒಪ್ಪುವುದಿಲ್ಲ, ಕಣಜಗಳು ಹೂರಸ ಕುಡಿದು ಬಾಳುವುದೂ ಅದೇ ಬದುವಿನ ಮೇಲೆ.

ಇದೇ ಪಟ್ಟಿಯಿಂದ ಬೆಳೆ ಸರದಿಯ ಪಾಠವೂ ಹುಟ್ಟುತ್ತದೆ. ಜೋಳ, ಸಜ್ಜೆ, ರಾಗಿ, ನವಣೆಗಳ ಮೇಲೆ ಈ ಕೀಟ ಬದುಕಲಾರದು. ಶೇಂಗಾ ತೆಗೆದ ಹೊಲಕ್ಕೆ ಮುಂದಿನ ಸಲ ಇವುಗಳಲ್ಲಿ ಒಂದನ್ನು ಬಿತ್ತಿದರೆ ಅದರ ಸರಪಳಿ ತುಂಡಾಗುತ್ತದೆ. ಧಾರವಾಡ, ಬೆಳಗಾವಿಯ ಕಡೆ ಶೇಂಗಾ ಮತ್ತು ಸೋಯಾ ಅವರೆಯನ್ನು ಒಂದರ ಹಿಂದೆ ಒಂದರಂತೆ ಹಾಕುವುದುಂಟು. ಕೀಟದ ದೃಷ್ಟಿಯಿಂದ ಅದು ಬೆಳೆ ಬದಲಾವಣೆಯೇ ಅಲ್ಲ. ಕೊಳವೆಬಾವಿಯ ನೀರಿನಲ್ಲಿ ಜನವರಿ, ಫೆಬ್ರವರಿಯಲ್ಲಿ ಬಿತ್ತುವ ಬೇಸಿಗೆ ಶೇಂಗಾ ಹತ್ತಿರದಲ್ಲಿದ್ದರೆ ಅಲ್ಲಿಂದ ಮುಂಗಾರಿನ ಹೊಲಕ್ಕೆ ಪತಂಗ ದಾಟಿ ಬರುತ್ತದೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದೇ ಊರಿನವರು ಹದ ಸಿಕ್ಕ ಕೂಡಲೇ ಒಟ್ಟಿಗೆ ಬಿತ್ತಿದರೆ ಎಲ್ಲರಿಗೂ ಬಾಧೆ ಹಂಚಿಹೋಗುತ್ತದೆ. ತಡವಾಗಿ ಬಿತ್ತಿದ ಒಂಟಿ ಹೊಲದ ಎಳೆಯ ಎಲೆಗಳ ಮೇಲೆ ಸುತ್ತಲಿನ ಪತಂಗಗಳೆಲ್ಲ ಬಂದು ಕೂರುತ್ತವೆ. ಶೇಂಗಾದ ನಡುವೆ ಸಜ್ಜೆಯ ಸಾಲುಗಳನ್ನು ಹಾಕುವುದನ್ನೂ ಕೃಷಿ ತಜ್ಞರು ಸೂಚಿಸುತ್ತಾರೆ.

ಮಿತಿ ಮೀರಿದಾಗ

ಎಣಿಕೆ ಮಿತಿಯನ್ನು ದಾಟಿ, ಹುಳು ಸುರಂಗದ ಹಂತದಲ್ಲೇ ಇದ್ದರೆ ಮೊದಲು ಶೇ. 5ರ ಬೇವಿನ ಬೀಜದ ಕಷಾಯವನ್ನು ಯೋಚಿಸಬಹುದು. ಒಣಗಿದ ಬೇವಿನ ಬೀಜದ ತಿರುಳು 5 ಕಿಲೋ ಕುಟ್ಟಿ ಪುಡಿ ಮಾಡಿ, 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಎಲೆಗೆ ಅಂಟುವಂತೆ ಸ್ವಲ್ಪ ಸೋಪಿನ ನೀರು ಬೆರೆಸಿ, ಒಟ್ಟು 100 ಲೀಟರ್ ಆಗುವಷ್ಟು ನೀರು ಸೇರಿಸಬೇಕು. ಅಂದು ಮಾಡಿದ್ದನ್ನು ಅಂದೇ, ಸಂಜೆಯ ತಂಪಿನಲ್ಲಿ, ಎಲೆಯ ಕೆಳಮೈಗೂ ತಾಗುವಂತೆ ಸಿಂಪಡಿಸಬೇಕು. ಪತಂಗ ಮೊಟ್ಟೆಯಿಡುವುದಕ್ಕೂ ಎಳೆಯ ಕೀಡೆ ಬೆಳೆಯುವುದಕ್ಕೂ ಬೇವು ಅಡ್ಡಿಯಾಗುತ್ತದೆ. ಸುರುಳಿಯೊಳಗೆ ಬಲಿತು ಕುಳಿತ ಹುಳುವಿನ ಮೇಲೆ ಅದರಿಂದ ಹೆಚ್ಚು ಫಲ ನಿರೀಕ್ಷಿಸಬಾರದು. ಅದಕ್ಕೂ ಮೀರಿದ ಹಾವಳಿಯಿದ್ದರೆ ರಾಸಾಯನಿಕದ ಹೆಸರು ಮತ್ತು ಪ್ರಮಾಣವನ್ನು ಅಂಗಡಿಯಲ್ಲಿ ಕೇಳದೆ, ನಿಮ್ಮ ಎಣಿಕೆಯ ಪುಸ್ತಕವನ್ನೂ ನಾಲ್ಕು ಸುರುಳಿಗಳನ್ನೂ ಹಿಡಿದುಕೊಂಡು ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ ಕೇಳಿ. ಯಾವ ಹಂತದಲ್ಲಿ ಎಷ್ಟು ಹುಳುವಿದೆಯೆಂದು ಅಂಕಿಗಳಲ್ಲಿ ಹೇಳುವ ರೈತನಿಗೆ ಸಿಗುವ ಸಲಹೆಯೂ ಅಷ್ಟೇ ಖಚಿತವಾಗಿರುತ್ತದೆ.

ದೀಪದ ಬಲೆ ಮತ್ತು ಗಂಡು ಪತಂಗಗಳನ್ನು ಸೆಳೆಯುವ ಮೋಹಕ ಬಲೆಗಳನ್ನು ಹಾವಳಿ ತಡೆಯುವ ಸಾಧನಗಳೆಂದು ಭಾವಿಸದೆ, ಪತಂಗಗಳು ಎಂದು ಹೊರಬಂದವೆಂದು ತಿಳಿಸುವ ಸಾಧನಗಳೆಂದು ಬಳಸಬೇಕು. ಬಲೆಗೆ ಬೀಳುವ ಪತಂಗಗಳ ಸಂಖ್ಯೆ ಒಮ್ಮೆಗೆ ಏರಿದ ದಿನವನ್ನು ಗುರುತು ಹಾಕಿಕೊಂಡರೆ, ಅಲ್ಲಿಂದ ಐದಾರು ದಿನಕ್ಕೆ ಹೊಸ ಮಚ್ಚೆಗಳನ್ನು ಹುಡುಕಲು ಹೊಲಕ್ಕೆ ಇಳಿಯಬಹುದು.

ಕಟಾವು ಮುಗಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಕೀಳುವಾಗ ಮಣ್ಣಿನಲ್ಲಿ ಉಳಿದ ಕಾಯಿಗಳು ಹಿಂಗಾರಿನ ಹನಿಗೆ ಮೊಳೆತು ಅಲ್ಲಲ್ಲಿ ಶೇಂಗಾ ಸಸಿಗಳಾಗುತ್ತವೆ. ಯಾರೂ ಬಿತ್ತದೆ ಹುಟ್ಟಿದ ಆ ಸಸಿಗಳ ಎಲೆಯನ್ನು ನವೆಂಬರಿನಲ್ಲಿ ಒಮ್ಮೆ ಬೆಳಕಿಗೆ ಹಿಡಿದು ನೋಡಿ, ಕಂದು ಮಚ್ಚೆಯಿದ್ದರೆ ಬುಡಸಹಿತ ಕಿತ್ತು ದನಗಳಿಗೆ ಹಾಕಿ.